ಮೊದಲು ಬಿಲ್ಲೆಗಳನ್ನು ಎಣಿಸಿ: ಮೇಲ್ಮೈ ವಿಸ್ತೀರ್ಣದಿಂದ ಸಿಲಿಂಡರಿನ ಕಾಣದ ಅಳತೆಯನ್ನು ಹುಡುಕುವ ಬಗೆ

ಮಳೆಗಾಲ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಒಂದು ಸಂಜೆ ನನ್ನ ಭಾವ ಮಂಗಳೂರಿನ ಅಂಗಡಿಯೊಂದರ ಮುಂದಿನಿಂದ ಫೋನ್ ಮಾಡಿದರು. ಅವರ ತೋಟ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿದೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಕಲಸಲೆಂದು ಆ ವರ್ಷ ದುಂಡನೆಯ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದರು. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಆದ್ದರಿಂದ ಸಿಮೆಂಟು. “ತೊಟ್ಟಿ ತುಂಬ ಕಲಸಲು ಮೈಲುತುತ್ತು ಎಷ್ಟು ಕಿಲೋ ಬೇಕು, ನೀನೇ ಲೆಕ್ಕ ಹಾಕಿ ಹೇಳು” ಎಂದರು. ಅವರ ಕೈಯಲ್ಲಿದ್ದದ್ದು ಮೇಸ್ತ್ರಿಯ ಚೀಟಿ ಮಾತ್ರ. ಅದರಲ್ಲಿ ಒಳ ವ್ಯಾಸ 1.4 ಮೀಟರ್, ಒಳಮೈಯ ಗಾರೆ 5.94 ಚದರ ಮೀಟರ್ ಎಂದಿತ್ತು. ಆಳ ಬರೆದಿರಲಿಲ್ಲ.

ಗಣಿತ ಹೇಳಿಕೊಡುವುದೇ ನನ್ನ ಕೆಲಸ. ಬಾಯಿಪಾಠವಾಗಿದ್ದ ಪೂರ್ಣ ಮೇಲ್ಮೈ ವಿಸ್ತೀರ್ಣದ ಸೂತ್ರಕ್ಕೆ ಸಂಖ್ಯೆಗಳನ್ನು ಹಾಕಿ, ಆಳ 65 ಸೆಂಟಿಮೀಟರ್, ಹಿಡಿಯುವುದು ಸುಮಾರು 1000 ಲೀಟರ್ ಎಂದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಶೇಕಡಾ 1ರ ದ್ರಾವಣದ ಲೆಕ್ಕ. ಅವರು ಹತ್ತು ಕಿಲೋ ಕೊಂಡರು. ಮರುದಿನ ತೊಟ್ಟಿಗೆ ಕೋಲು ಇಳಿಸಿ ನೋಡಿದರೆ ಆಳ ಸರಿಯಾಗಿ ಒಂದು ಮೀಟರ್. ಅದು ಹಿಡಿಯುವುದು 1540 ಲೀಟರ್. ನನ್ನ ಮಾತು ನಂಬಿ ತೊಟ್ಟಿ ತುಂಬ ನೀರು ಬಿಟ್ಟಿದ್ದರೆ ದ್ರಾವಣ ಶೇಕಡಾ 0.65ಕ್ಕೆ ಇಳಿಯುತ್ತಿತ್ತು, ಕೊಳೆರೋಗಕ್ಕೆ ಬಾಗಿಲು ತೆರೆದಂತಾಗುತ್ತಿತ್ತು.

ನನ್ನ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರಲಿಲ್ಲ. ಮುಚ್ಚಳವಿಲ್ಲದ ತೊಟ್ಟಿಗೆ ಮುಚ್ಚಳವಿದೆ ಎಂದು ಲೆಕ್ಕ ಹಾಕಿದ್ದೇ ತಪ್ಪು. ಅಂದಿನಿಂದ ಮಕ್ಕಳಿಗೆ ಸೂತ್ರ ಬರೆಯಲು ಬಿಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಬಿಲ್ಲೆ, ಅಂದರೆ ಮೇಲಿನ ಕೆಳಗಿನ ವೃತ್ತ, ಎಷ್ಟು?

ಪದಗಳ ವಿಚಾರ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಎರಡು ಭಾಷೆಗಳ ಗಣಿತವನ್ನು ಕಿವಿಯಲ್ಲಿ ಹೊತ್ತುಕೊಂಡಿರುತ್ತಾರೆ. ಪಕ್ಕದ ಮನೆಯ ಗೆಳತಿ ಮಲಯಾಳ ಮಾಧ್ಯಮದಲ್ಲಿ ಓದುತ್ತಾಳೆ, ಟ್ಯೂಷನ್ನಿನಲ್ಲಿ ಮಲಯಾಳ ಪದಗಳು ಬೀಳುತ್ತವೆ, ಮೊಬೈಲಿನ ಪಾಠ ಇನ್ನೊಂದು ಭಾಷೆಯಲ್ಲಿರುತ್ತದೆ. ನಾವು ತ್ರಿಜ್ಯ ಎನ್ನುವುದನ್ನು ಅವರು ಆರಂ ಎನ್ನುತ್ತಾರೆ. ಎತ್ತರ ಉಯರಂ, ವಿಸ್ತೀರ್ಣ ಪರಪ್ಪಳವ್, ಸುತ್ತಳತೆ ಚುಟ್ಟಳವ್, ಘನಫಲ ವ್ಯಾಪ್ತಂ. ಸಿಲಿಂಡರನ್ನು ವೃತ್ತಸ್ತಂಭ ಎಂದೂ ಕರೆಯುತ್ತಾರೆ. ಆ ಹೆಸರು ನನಗೆ ಇಷ್ಟ, ಆಕಾರವನ್ನೇ ಕಣ್ಣಮುಂದೆ ನಿಲ್ಲಿಸುತ್ತದೆ. ಪದ ಯಾವುದಾದರೂ ಇರಲಿ, ನೋಟುಪುಸ್ತಕದಲ್ಲಿ ಒಂದು ಚಿತ್ರ ಬಿಡಿಸಿ ಕನ್ನಡದಲ್ಲೇ ಹೆಸರು ಬರೆದುಕೊಳ್ಳಿ. ಪ್ರಶ್ನೆ ಅರ್ಥವಾಗದೆ ಅಂಕ ಕಳೆದುಕೊಂಡ ಮಕ್ಕಳನ್ನು ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಲೆಕ್ಕ ಬರುತ್ತಿತ್ತು.

ಗೋಡೆಯ ವಿಸ್ತೀರ್ಣ ಎಲ್ಲಿಂದ ಬರುತ್ತದೆ

ಪುಟ್ಟು ಬೇಯಿಸುವ ಹಳೆಯ ಬಿದಿರಿನ ಕುಟ್ಟಿಯನ್ನು ನೋಡಿದ್ದೀರಾ? ಕೈ ಸುಡದಿರಲೆಂದು ಅದರ ಮೈಗೆ ತೆಂಗಿನ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಹಗ್ಗದ ಬದಲು 0.6 ಸೆಂಟಿಮೀಟರ್ ಅಗಲದ ತೆಳು ಕಾಗದದ ಪಟ್ಟಿ ಎಂದುಕೊಳ್ಳೋಣ, ಆಗ ದಪ್ಪದ ತೊಡಕು ಇರುವುದಿಲ್ಲ. ಕುಟ್ಟಿಯ ಉದ್ದ 24 ಸೆಂಟಿಮೀಟರ್ ಆದರೆ 24 ÷ 0.6 = 40 ಸುತ್ತು ಬೇಕು. ಒಂದು ಸುತ್ತಿಗೆ 22 ಸೆಂಟಿಮೀಟರ್ ಹಿಡಿದರೆ ಒಟ್ಟು 880 ಸೆಂಟಿಮೀಟರ್ ಪಟ್ಟಿ. ಅದನ್ನು ಬಿಚ್ಚಿ ನೆಲದ ಮೇಲೆ ಹಾಸಿದರೆ ವಿಸ್ತೀರ್ಣ 880 × 0.6 = 528 ಚದರ ಸೆಂಟಿಮೀಟರ್. 22 × 24 ಮಾಡಿದರೂ ಅದೇ 528. ಅಂದರೆ ಗೋಡೆಯ ವಿಸ್ತೀರ್ಣ ಎಂದರೆ ಸುತ್ತಳತೆಯನ್ನು ಎತ್ತರದಿಂದ ಗುಣಿಸಿದ್ದು. ಸುತ್ತಳತೆ 2 × ಪೈ × ತ್ರಿಜ್ಯ (ಪೈ ಎಂದರೆ ಸುಮಾರು 22/7). ಆದ್ದರಿಂದ

ಗೋಡೆ = 2 × ಪೈ × ತ್ರಿಜ್ಯ × ಎತ್ತರ

ಪಠ್ಯದಲ್ಲಿ ಇದಕ್ಕೆ ವಕ್ರ ಮೇಲ್ಮೈ ಅಥವಾ ಪಾರ್ಶ್ವ ಮೇಲ್ಮೈ ವಿಸ್ತೀರ್ಣ ಎಂಬ ಹೆಸರಿದೆ. ಮೇಲಿನ ಮತ್ತು ಕೆಳಗಿನ ವೃತ್ತಗಳನ್ನು ನಾನು ಬಿಲ್ಲೆಗಳು ಎನ್ನುತ್ತೇನೆ. ಒಂದು ಬಿಲ್ಲೆಯ ವಿಸ್ತೀರ್ಣ ಪೈ × ತ್ರಿಜ್ಯ². ಕೊಟ್ಟ ವಿಸ್ತೀರ್ಣ ಯಾವಾಗಲೂ ಗೋಡೆ ಮತ್ತು ಬಿಲ್ಲೆಗಳ ಮೊತ್ತವೇ. ಎಷ್ಟು ಬಿಲ್ಲೆ ಎಂಬುದು ಮಾತ್ರ ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ.

ಬಿಲ್ಲೆ ಎಣಿಸುವುದು

ಬಾವಿಯ ಒಳಮೈಗೆ ಗಾರೆ ಮಾಡುವಾಗ ಬಿಲ್ಲೆ ಸೊನ್ನೆ. ಮೇಲೆ ಆಕಾಶ, ಕೆಳಗೆ ಒರತೆ, ಎರಡಕ್ಕೂ ಯಾರೂ ಗಾರೆ ಹಾಕುವುದಿಲ್ಲ. ಪೈಪು, ಸಿಮೆಂಟ್ ರಿಂಗ್, ರಸ್ತೆಯ ಮೇಲೆ ಉರುಳುವ ರೋಲರು ಇವೂ ಸೊನ್ನೆಯ ಗುಂಪಿನವು. ರೋಲರು ಒಂದು ಸುತ್ತಿಗೆ ನೆಲವನ್ನು ಒತ್ತುವುದು ಗೋಡೆಯಿಂದ ಮಾತ್ರ. ತೆರೆದ ತೊಟ್ಟಿ, ಲೋಟ, ಮುಚ್ಚಳವಿಲ್ಲದ ಪಾತ್ರೆಗಳಲ್ಲಿ ಬಿಲ್ಲೆ ಒಂದು. ಮುಚ್ಚಳವಿರುವ ಡಬ್ಬಿಯಲ್ಲಿ, ಮುಚ್ಚಿದ ಡ್ರಮ್ಮಿನಲ್ಲಿ ಎರಡು. ಯಕ್ಷಗಾನದ ಚೆಂಡೆಯನ್ನು ತೆಗೆದುಕೊಳ್ಳಿ. ಮರದ ಮೈಗೆ ಮಾತ್ರ ಬಣ್ಣ ಕೊಡುವುದಾದರೆ ಸೊನ್ನೆ, ಎರಡು ಕಡೆಯ ಚರ್ಮವನ್ನೂ ಸೇರಿಸಿ ಕೇಳಿದರೆ ಎರಡು. ವಸ್ತು ಅದೇ, ಪ್ರಶ್ನೆ ಬೇರೆ. ಆದ್ದರಿಂದ ವಸ್ತುವಿನ ಹೆಸರು ನೋಡಿ ಎಣಿಸಬೇಡಿ, ಯಾವ ಮೈಯ ವಿಸ್ತೀರ್ಣ ಕೇಳಿದ್ದಾರೆ ಎಂದು ನೋಡಿ ಎಣಿಸಿ.

ಇನ್ನೊಂದು ಮಾತು. ವಿಸ್ತೀರ್ಣ ಒಂದನ್ನೇ ಕೊಟ್ಟು ಅಳತೆ ಹುಡುಕು ಎಂದರೆ ಆಗದು. ತ್ರಿಜ್ಯ 7, ಎತ್ತರ 10 ಸೆಂಟಿಮೀಟರ್ ಇರುವ ಮುಚ್ಚಿದ ಡಬ್ಬಿಗೂ ತ್ರಿಜ್ಯ 3.5, ಎತ್ತರ 30.5 ಇರುವ ಉದ್ದನೆಯ ಡಬ್ಬಿಗೂ ಮೇಲ್ಮೈ 748 ಚದರ ಸೆಂಟಿಮೀಟರೇ. ಜೊತೆಗೆ ತ್ರಿಜ್ಯ, ವ್ಯಾಸ, ಸುತ್ತಳತೆ, ಎತ್ತರ ಇವುಗಳಲ್ಲಿ ಒಂದಾದರೂ, ಅಥವಾ ಅವುಗಳ ನಡುವಿನ ಸಂಬಂಧವಾದರೂ ಬೇಕು. ಪ್ರಶ್ನೆಯೊಳಗೆ ಆ ಎರಡನೆಯ ಸುಳಿವು ಎಲ್ಲಿ ಅಡಗಿದೆ ಎಂದು ಗೆರೆ ಎಳೆದು ಗುರುತು ಮಾಡಿಕೊಳ್ಳಿ. ವ್ಯಾಸ ಕೊಟ್ಟಿದ್ದರೆ ಅಲ್ಲೇ ಅರ್ಧ ಮಾಡಿ ತ್ರಿಜ್ಯ ಬರೆಯಿರಿ, ಮುಂದಕ್ಕೆ ಉಳಿಸಬೇಡಿ.

ಎತ್ತರ ಕಾಣೆಯಾದಾಗ

ಇದು ಸುಲಭದ ದಾರಿ. ಬಿಲ್ಲೆಗಳ ವಿಸ್ತೀರ್ಣವನ್ನು ಕಳೆಯಿರಿ, ಉಳಿದದ್ದು ಗೋಡೆ, ಅದನ್ನು ಸುತ್ತಳತೆಯಿಂದ ಭಾಗಿಸಿ.

ಮೊದಲು ಬಾವಿ. ವ್ಯಾಸ 3 ಮೀಟರ್, ಒಳಮೈಯ ಗಾರೆ 66 ಚದರ ಮೀಟರ್. ಕಳೆಯಲು ಬಿಲ್ಲೆ ಇಲ್ಲ. ಸುತ್ತಳತೆ 22/7 × 3 = 66/7. ಆಳ 66 ÷ 66/7 = 7 ಮೀಟರ್.

ಈಗ ಭಾವನ ತೊಟ್ಟಿ. ತ್ರಿಜ್ಯ 0.7 ಮೀಟರ್. ಸುತ್ತಳತೆ 2 × 22/7 × 0.7 = 4.4. ತಳದ ಬಿಲ್ಲೆ 22/7 × 0.49 = 1.54. ಬಿಲ್ಲೆ ಒಂದೇ ಆದ್ದರಿಂದ ಗೋಡೆ 5.94 − 1.54 = 4.4, ಆಳ 4.4 ÷ 4.4 = 1 ಮೀಟರ್. ಎರಡು ಬಿಲ್ಲೆ ಎಂದುಕೊಂಡರೆ 5.94 − 3.08 = 2.86, ಆಳ 0.65 ಮೀಟರ್. ಬಿಲ್ಲೆಯೇ ಇಲ್ಲ ಎಂದುಕೊಂಡರೆ 5.94 ÷ 4.4 = 1.35 ಮೀಟರ್. ಒಂದೇ ಚೀಟಿಯಿಂದ ಮೂರು ಆಳಗಳು ಬಂದವು, ಮೂರರಲ್ಲೂ ಲೆಕ್ಕದ ಹೆಜ್ಜೆಗಳು ಸರಿ. ಉತ್ತರಗಳನ್ನು ನೋಡಿ ಯಾವುದು ನಿಜ ಎಂದು ಹೇಳಲಾಗದು, ತೊಟ್ಟಿಯನ್ನೇ ನೋಡಬೇಕು. ಈ ಒಂದು ಉದಾಹರಣೆಯನ್ನು ಮಕ್ಕಳಿಂದ ಮೂರು ಸಲವೂ ಮಾಡಿಸಿ ಎಂದು ಹೆತ್ತವರಿಗೆ ನನ್ನ ವಿನಂತಿ.

ಎರಡು ಬಿಲ್ಲೆ ಇರುವಾಗ ಒಂದು ಒಳದಾರಿ ಇದೆ. ಗೋಡೆ ಮತ್ತು ಎರಡು ಬಿಲ್ಲೆ ಸೇರಿದರೆ 2 × ಪೈ × ತ್ರಿಜ್ಯ × (ತ್ರಿಜ್ಯ + ಎತ್ತರ). ಆದ್ದರಿಂದ ಒಟ್ಟು ವಿಸ್ತೀರ್ಣವನ್ನು ನೇರವಾಗಿ ಸುತ್ತಳತೆಯಿಂದ ಭಾಗಿಸಿದರೆ ತ್ರಿಜ್ಯ ಮತ್ತು ಎತ್ತರಗಳ ಮೊತ್ತವೇ ಸಿಗುತ್ತದೆ. 748 ಚದರ ಸೆಂಟಿಮೀಟರಿನ ಡಬ್ಬಿಯ ತ್ರಿಜ್ಯ 7 ಎಂದು ಗೊತ್ತಿದ್ದರೆ ಸುತ್ತಳತೆ 44, 748 ÷ 44 = 17, ಎತ್ತರ 17 − 7 = 10. ಈ 17ನ್ನು ನೆನಪಿಡಿ, ಮತ್ತೆ ಎದುರಾಗುತ್ತದೆ.

ತ್ರಿಜ್ಯ ಕಾಣೆಯಾದಾಗ

ಬಿಲ್ಲೆ ಇಲ್ಲದಿದ್ದರೆ ಇಲ್ಲಿಯೂ ಕಷ್ಟವಿಲ್ಲ. ಪುಟ್ಟಿನ ಕುಟ್ಟಿಯ ಗೋಡೆ 528, ಎತ್ತರ 24. ಭಾಗಿಸಿದರೆ ಸುತ್ತಳತೆ 22. ಅದನ್ನು 44/7ರಿಂದ ಭಾಗಿಸಿದರೆ ತ್ರಿಜ್ಯ 3.5 ಸೆಂಟಿಮೀಟರ್.

ಬಿಲ್ಲೆ ಬಂದೊಡನೆ ಮಕ್ಕಳು ಹೆದರುತ್ತಾರೆ. ತ್ರಿಜ್ಯವು ಗೋಡೆಯಲ್ಲಿಯೂ ಇದೆ, ಬಿಲ್ಲೆಯಲ್ಲಿ ವರ್ಗವಾಗಿಯೂ ಇದೆ. ಗೊತ್ತಿಲ್ಲದ ಬಿಲ್ಲೆಯನ್ನು ಕಳೆಯುವುದು ಹೇಗೆ? ಕಳೆಯಲಾಗದು, ಆದರೆ ಕಳೆಯಬೇಕಾದ ಅಗತ್ಯವೂ ಇಲ್ಲ. ಹತ್ತನೆಯ ತರಗತಿಯ ವರ್ಗಸಮೀಕರಣ ಇಲ್ಲಿಯೇ ಕೆಲಸಕ್ಕೆ ಬರುತ್ತದೆ.

ಅದೇ ಡಬ್ಬಿ: ಎರಡು ಬಿಲ್ಲೆ, ಒಟ್ಟು 748, ಎತ್ತರ 10. ಮೊದಲು ಪೈಯನ್ನು ದಾಟಿಸಿಬಿಡಿ. 748ನ್ನು 44/7ರಿಂದ, ಅಂದರೆ 2 × ಪೈಯಿಂದ ಭಾಗಿಸಿದರೆ 119. ಉಳಿದದ್ದು ಇಷ್ಟೇ:

ತ್ರಿಜ್ಯ × (ತ್ರಿಜ್ಯ + 10) = 119

ಇದನ್ನು ಮಾತಿನಲ್ಲಿ ಓದಿ. ಎರಡು ಸಂಖ್ಯೆಗಳ ವ್ಯತ್ಯಾಸ 10, ಗುಣಲಬ್ಧ 119. ಅವೆರಡರ ನಟ್ಟನಡುವಿನ ಸಂಖ್ಯೆಯನ್ನು ಹಿಡಿಯಿರಿ. ಚಿಕ್ಕದು ಅದಕ್ಕಿಂತ 5 ಕಡಿಮೆ, ದೊಡ್ಡದು 5 ಹೆಚ್ಚು. ಹಾಗಾದರೆ ಗುಣಲಬ್ಧವು ನಡುವಿನ ಸಂಖ್ಯೆಯ ವರ್ಗಕ್ಕಿಂತ 25 ಕಡಿಮೆ ಇರುತ್ತದೆ. 119 + 25 = 144, ಅದರ ವರ್ಗಮೂಲ 12. ಚಿಕ್ಕ ಸಂಖ್ಯೆ 12 − 5 = 7. ತ್ರಿಜ್ಯ 7 ಸೆಂಟಿಮೀಟರ್. ಪುಸ್ತಕದಲ್ಲಿ ‘ವರ್ಗ ಪೂರ್ಣಗೊಳಿಸುವುದು’ ಎನ್ನುವುದು ಇದನ್ನೇ. ಅರ್ಧ ಎತ್ತರದ ವರ್ಗವನ್ನು ಕೂಡಿಸಿ, ವರ್ಗಮೂಲ ತೆಗೆದು, ಅರ್ಧ ಎತ್ತರವನ್ನು ಕಳೆಯಿರಿ.

ವರ್ಗಮೂಲಕ್ಕೆ −12 ಎಂಬ ಇನ್ನೊಂದು ಮುಖವೂ ಇದೆ. ಅದರಿಂದ ಬರುವ ಉತ್ತರ −17. ತ್ರಿಜ್ಯ ಋಣವಾಗದು, ಬಿಟ್ಟುಬಿಡಿ ಎಂದು ಎಲ್ಲರೂ ಹೇಳುತ್ತೇವೆ. ಬಿಡುವ ಮೊದಲು ಒಮ್ಮೆ ನೋಡಿ: ಹಿಂದೆ ಸಿಕ್ಕಿದ ತ್ರಿಜ್ಯ ಮತ್ತು ಎತ್ತರದ ಮೊತ್ತವೂ 17. ಇದು ಕಾಕತಾಳೀಯವಲ್ಲ, ಮುಚ್ಚಿದ ಸಿಲಿಂಡರಿನಲ್ಲಿ ಎಸೆಯುವ ಉತ್ತರ ಯಾವಾಗಲೂ ಆ ಮೊತ್ತದ ಋಣರೂಪವೇ. ಒಬ್ಬಳು ಹುಡುಗಿ ಇದನ್ನು ತಾನಾಗಿಯೇ ಕಂಡುಹಿಡಿದು ಜಗಲಿಯಲ್ಲಿ ಎದ್ದು ನಿಂತ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಒಂದೇ ಬಿಲ್ಲೆಯಾದರೆ ಲೆಕ್ಕ ಇನ್ನೂ ಚೊಕ್ಕವಾಗುತ್ತದೆ. ಪೈ × ತ್ರಿಜ್ಯ² + 2 × ಪೈ × ತ್ರಿಜ್ಯ × ಎತ್ತರ ಎಂಬುದನ್ನು ಪೈಯಿಂದ ಮಾತ್ರ ಭಾಗಿಸಿ. ಆಗ ತ್ರಿಜ್ಯ × (ತ್ರಿಜ್ಯ + 2 × ಎತ್ತರ) ಉಳಿಯುತ್ತದೆ. ವ್ಯತ್ಯಾಸ ಎರಡು ಎತ್ತರ, ಅದರ ಅರ್ಧ ಒಂದು ಎತ್ತರ. ಭಿನ್ನರಾಶಿಯ ಕಾಟವೇ ಇಲ್ಲ. ಭಾವನ ತೊಟ್ಟಿಯ ಆಳ 1 ಮೀಟರ್ ಎಂದು ಗೊತ್ತಿದ್ದು ವ್ಯಾಸ ಅಳಿಸಿಹೋಗಿತ್ತು ಎನ್ನಿ. 5.94 × 7/22 = 1.89. ಎತ್ತರದ ವರ್ಗ 1 ಕೂಡಿಸಿದರೆ 2.89. ವರ್ಗಮೂಲ 1.7. ಎತ್ತರ ಕಳೆದರೆ 0.7 ಮೀಟರ್ ತ್ರಿಜ್ಯ.

ಸಂಖ್ಯೆಗಳು ಒಪ್ಪವಾಗಿ ಬಾರದಿದ್ದರೆ

ಪರೀಕ್ಷೆಯ ಡಬ್ಬಿಗಳಿಗೆ ತ್ರಿಜ್ಯ 7, 14, 21 ಆಗಿರುತ್ತದೆ. ಅಂಗಡಿಯ ಡಬ್ಬಿಗಳು ಹಾಗಿರುವುದಿಲ್ಲ. ಮುಚ್ಚಿದ ಡಬ್ಬಿಯೊಂದರ ಎತ್ತರ 15 ಸೆಂಟಿಮೀಟರ್, ಮೇಲ್ಮೈ 1000 ಚದರ ಸೆಂಟಿಮೀಟರ್ ಇರಲಿ, ಪೈ 3.14 ಇರಲಿ. 1000 ÷ 6.28 = 159.24. ಎತ್ತರ ಬೆಸಸಂಖ್ಯೆ, ಅರ್ಧ ಮಾಡಿದರೆ 7.5. ಇಂಥಲ್ಲಿ ನಾನು ಪ್ರಾಚೀನ ಗಣಿತಜ್ಞ ಶ್ರೀಧರಾಚಾರ್ಯರ ಹಾದಿ ಹಿಡಿಯುತ್ತೇನೆ: ಅರ್ಧ ಮಾಡುವ ಬದಲು ಎಲ್ಲವನ್ನೂ ನಾಲ್ಕರಿಂದ ಗುಣಿಸಿ, ಎತ್ತರದ ವರ್ಗವನ್ನು ಕೂಡಿಸುವುದು. 159.24 × 4 = 636.96. 15ರ ವರ್ಗ 225 ಕೂಡಿಸಿದರೆ 861.96. ಇದರ ವರ್ಗಮೂಲ ಹುಡುಕಬೇಕು. 29ರ ವರ್ಗ 841, 30ರ ವರ್ಗ 900, ಆದ್ದರಿಂದ ಉತ್ತರ 29ಕ್ಕೆ ಹತ್ತಿರ. 29.4ರ ವರ್ಗ 864.36, ಸ್ವಲ್ಪ ಹೆಚ್ಚಾಯಿತು. 29.36ರ ವರ್ಗ 862.01, ಸಾಕು. 29.36 − 15 = 14.36, ಅದರ ಅರ್ಧ 7.18. ತ್ರಿಜ್ಯ 7.18 ಸೆಂಟಿಮೀಟರ್.

ಈಗ ಹಿಂದಕ್ಕೆ ನಡೆದು ನೋಡಿ: 6.28 × 7.18 × 22.18 ಎಂದರೆ 1000.1. ಆ ಚೂರು ಹೆಚ್ಚಳ ದಶಮಾಂಶಗಳನ್ನು ಕತ್ತರಿಸಿದ್ದರಿಂದ ಬಂದದ್ದು. ಹೀಗೆ ಹಿಂತಿರುಗಿ ನೋಡುವುದಕ್ಕೆ ಒಂದು ನಿಮಿಷ ಸಾಕು. ಆ ನಿಮಿಷವನ್ನು ಉಳಿಸಬೇಡಿ.

ಪೈಯ ಬೆಲೆಯ ಬಗ್ಗೆ ಚಿಂತಿಸುವವರಿಗೆ: 22/7 ಎಂಬುದು ನಿಜಕ್ಕಿಂತ ಕೂದಲೆಳೆ ಹೆಚ್ಚು, 3.14 ಕೂದಲೆಳೆ ಕಡಿಮೆ. ಎರಡೂ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸದವು, ಗಾರೆಯ ಲೆಕ್ಕಕ್ಕೆ ಧಾರಾಳವಾಗಿ ಸಾಕು. ಕ್ರಿ.ಶ. 499ರಲ್ಲಿಯೇ ಆರ್ಯಭಟನು 20000 ವ್ಯಾಸದ ವೃತ್ತಕ್ಕೆ 62832 ಸುತ್ತಳತೆ, ಅಂದರೆ 3.1416 ಎಂದು ಹೇಳಿ, ಅದು ‘ಆಸನ್ನ’, ಹತ್ತಿರದ ಬೆಲೆ ಎಂದು ಸೇರಿಸಿದ್ದನು. ಆದರೆ ಒಂದು ಲೆಕ್ಕದಲ್ಲಿ ಒಂದೇ ಬೆಲೆ ಇರಲಿ. ಮೊದಲ ಸಾಲಿನಲ್ಲಿ 22/7, ಕೊನೆಯ ಸಾಲಿನಲ್ಲಿ 3.14 ಹಾಕಿದರೆ ತಾಳೆಯಾಗಬೇಕಾದದ್ದು ತಾಳೆಯಾಗದೆ ಮಕ್ಕಳು ಇಲ್ಲದ ತಪ್ಪನ್ನು ಹುಡುಕುತ್ತಾ ಕೂರುತ್ತಾರೆ.

ಬೇರೆ ರೂಪದ ಸುಳಿವುಗಳು

ಪೂರ್ಣ ಮೇಲ್ಮೈ ಮತ್ತು ವಕ್ರ ಮೇಲ್ಮೈ ಎರಡನ್ನೂ ಕೊಟ್ಟರೆ ವರ್ಗಸಮೀಕರಣ ಬೇಡ. 748 ಮತ್ತು 440 ಎನ್ನಿ. ವ್ಯತ್ಯಾಸ 308 ಎರಡು ಬಿಲ್ಲೆಗಳದ್ದು, ಒಂದು ಬಿಲ್ಲೆ 154, ತ್ರಿಜ್ಯ 7, ಎತ್ತರ 440 ÷ 44 = 10.

ಎತ್ತರವು ತ್ರಿಜ್ಯದ ಎರಡರಷ್ಟು ಎಂಬಂಥ ಸಂಬಂಧ ಕೊಟ್ಟರೆ ಎತ್ತರವನ್ನು ಅಳಿಸಿ ಅಲ್ಲಿ 2 × ತ್ರಿಜ್ಯ ಬರೆಯಿರಿ. ಮುಚ್ಚಿದ ಸಿಲಿಂಡರಿನಲ್ಲಿ ಒಟ್ಟು 6 × ಪೈ × ತ್ರಿಜ್ಯ² ಆಗುತ್ತದೆ. ವಿಸ್ತೀರ್ಣ 924 ಆದರೆ 924 × 7/132 = 49, ತ್ರಿಜ್ಯ 7, ಎತ್ತರ 14. ಎತ್ತರ ಮತ್ತು ವ್ಯಾಸ ಸಮವಾಗಿರುವ ಈ ಆಕಾರಕ್ಕೆ ಒಂದು ವಿಶೇಷವಿದೆ: ಇಂತಿಷ್ಟೇ ಹಿಡಿಯಬೇಕಾದ ಮುಚ್ಚಿದ ಡಬ್ಬಿಗೆ ಅತ್ಯಂತ ಕಡಿಮೆ ತಗಡು ಸಾಕಾಗುವುದು ಇದಕ್ಕೇ.

ಎಡವುವ ಜಾಗಗಳು

ಚದರ ಮೀಟರನ್ನು ಚದರ ಸೆಂಟಿಮೀಟರಿಗೆ ತರಲು 100ರಿಂದ ಗುಣಿಸುವವರೇ ಹೆಚ್ಚು. ಗುಣಿಸಬೇಕಾದದ್ದು 10000ದಿಂದ. ಮೇಸ್ತ್ರಿಗಳು ಚದರ ಅಡಿಯಲ್ಲಿ ಬರೆಯುತ್ತಾರೆ, ಒಂದು ಚದರ ಮೀಟರಿಗೆ ಸುಮಾರು 10.76 ಚದರ ಅಡಿ. ಬಾವಿಯ ಆಳವನ್ನು ಹಿರಿಯರು ಕೋಲಿನಲ್ಲಿ ಹೇಳುತ್ತಾರೆ. ಅವರ ಕೋಲು ಎಷ್ಟು ಉದ್ದ ಎಂದು ಕೇಳಿ, ಮೀಟರಿಗೆ ಇಳಿಸಿದ ಮೇಲೆಯೇ ಲೆಕ್ಕಕ್ಕೆ ಕೂರಿರಿ. ಗೋಡೆಗೆ ದಪ್ಪವಿದ್ದರೆ ಒಳಗಿನ ತ್ರಿಜ್ಯ ಬೇರೆ, ಹೊರಗಿನದು ಬೇರೆ. ಒಳಗಾರೆಗೆ ಒಳತ್ರಿಜ್ಯ, ಹೊರಬಣ್ಣಕ್ಕೆ ಹೊರತ್ರಿಜ್ಯ.

ಎತ್ತರ ಋಣಸಂಖ್ಯೆಯಾಗಿ ಬಂದರೆ ಚಿಹ್ನೆ ಒರೆಸಿ ಮುಂದೆ ಹೋಗಬೇಡಿ. 748 ಚದರ ಸೆಂಟಿಮೀಟರಿನ ಮುಚ್ಚಿದ ಡಬ್ಬಿಗೆ ತ್ರಿಜ್ಯ 14 ಎಂದು ಯಾರಾದರೂ ಕೊಟ್ಟರೆ ಎರಡು ಬಿಲ್ಲೆಗಳೇ 1232 ಆಗುತ್ತವೆ, ಗೋಡೆಗೆ ಏನೂ ಉಳಿಯುವುದಿಲ್ಲ. ಅಂಥ ಡಬ್ಬಿಯೇ ಇಲ್ಲ. ಹೆಚ್ಚಾಗಿ ಅದು ವ್ಯಾಸವನ್ನು ತ್ರಿಜ್ಯವೆಂದು ಬರೆದ ತಪ್ಪಾಗಿರುತ್ತದೆ.

ನೀವೇ ಮಾಡಿ ನೋಡಲು

ಒಂದು ರೋಲರಿನ ಉದ್ದ 1.2 ಮೀಟರ್. ಒಂದು ಸುತ್ತಿಗೆ 5.28 ಚದರ ಮೀಟರ್ ನೆಲವನ್ನು ಒತ್ತುತ್ತದೆ. ತ್ರಿಜ್ಯ ಎಷ್ಟು? ಬಿಲ್ಲೆ ಸೊನ್ನೆ, ಸುತ್ತಳತೆ 4.4, ಉತ್ತರ 0.7 ಮೀಟರ್.

ಇನ್ನೊಂದು, ತೋಟದ ಶೆಡ್ಡಿನಲ್ಲಿ ನಿಂತಿರುವ ಮುಚ್ಚಿದ ಡ್ರಮ್ಮು. ಎತ್ತರ 84 ಸೆಂಟಿಮೀಟರ್, ಬಣ್ಣ ಬಳಿದ ಒಟ್ಟು ಮೈ 19712 ಚದರ ಸೆಂಟಿಮೀಟರ್. ಬಿಲ್ಲೆ ಎರಡು. 19712 × 7/44 = 3136. ಎತ್ತರದ ಅರ್ಧ 42, ಅದರ ವರ್ಗ 1764. ಕೂಡಿಸಿದರೆ 4900, ವರ್ಗಮೂಲ 70. ತ್ರಿಜ್ಯ 70 − 42 = 28 ಸೆಂಟಿಮೀಟರ್. ಘನಫಲ 22/7 × 784 × 84 = 206976 ಘನ ಸೆಂಟಿಮೀಟರ್, ಸುಮಾರು 207 ಲೀಟರ್. ನಮ್ಮ ತೋಟಗಳಲ್ಲಿ ಎಲ್ಲರೂ ಇದನ್ನು ಇನ್ನೂರು ಲೀಟರಿನ ಡ್ರಮ್ಮು ಎನ್ನುತ್ತಾರೆ. ಅದಕ್ಕೆ ಎರಡು ಕಿಲೋ ಮೈಲುತುತ್ತು, ಎರಡು ಕಿಲೋ ಸುಣ್ಣ.